ಹಾವಿನ ಭಯ ಇಟ್ಟುಕೊಂಡು ರಾತ್ರಿ ಗದ್ದೆಗೆ ನೀರು ಕಟ್ಟುವುದು ಹೇಗೆ? ಭಯ ಹೋದ ಮೇಲೇ ಧೈರ್ಯ ಬರುವುದಾ?

ಊರಿಗೆ_ಮರಳಿದವ:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಯಾರ ಹತ್ತಿರವೂ ಕೇಳಲು ಆಗದೆ ಇಲ್ಲಿ ಕೇಳುತ್ತಿದ್ದೇನೆ.

ನಮ್ಮದು ಮಂಡ್ಯ ಕಡೆ. ಒಂದೂವರೆ ಎಕರೆ ಕಬ್ಬು, ಉಳಿದದ್ದು ರಾಗಿ, ಬೋರ್‌ವೆಲ್ ನೀರು. ಬೆಂಗಳೂರಲ್ಲಿ 9 ವರ್ಷ ಕೆಲಸ ಮಾಡಿದೆ. ಅಪ್ಪನ ಮಂಡಿನೋವು ಜಾಸ್ತಿಯಾದ ಮೇಲೆ ಹೋದ ವರ್ಷ ಊರಿಗೆ ಬಂದೆ. ಹಗಲಿನ ಕೆಲಸ ಎಲ್ಲ ಕೈಗೆ ಹತ್ತಿತು. ರಾತ್ರಿದೇ ಕಷ್ಟ. ನಮ್ಮ ಕಡೆ ತ್ರೀ ಫೇಸ್ ಕರೆಂಟು ಕೆಲವು ವಾರ ರಾತ್ರಿ ಪಾಳಿಯಲ್ಲಿ ಬರುತ್ತದೆ. ಆಗ ಹೋಗಿ ಮೋಟಾರ್ ಹಾಕಬೇಕು, ಬದುವಿನ ಮೇಲೆ ನಡೆದು ವಾಲ್ ತಿರುಗಿಸಬೇಕು, ಒಂದು ಮಡಿ ತುಂಬಿದರೆ ಇನ್ನೊಂದಕ್ಕೆ ನೀರು ಬಿಡಬೇಕು. ಎರಡೂ ಕಡೆ ಆಳೆತ್ತರದ ಕಬ್ಬು, ಕಾಲಡಿ ಒಣಗಿದ ತರಗು.

ನನಗೆ ಹಾವು ಅಂದರೆ ಭಯ. ಸುಮ್ನೆ ಅಲ್ಲ. ನಾನು 6ನೇ ಕ್ಲಾಸಲ್ಲಿದ್ದಾಗ ದೊಡ್ಡಪ್ಪನಿಗೆ ಇದೇ ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿತು. ಮೊದಲು ನಾಟಿ ಔಷಧಿ ಕೊಡುವವರ ಹತ್ತಿರ ಕರೆದುಕೊಂಡು ಹೋದರು, ಸೊಪ್ಪು ಅರೆದು ಹಚ್ಚಿದರು. ಮರುದಿನ ಮೂತ್ರ ನಿಂತುಹೋಯಿತು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಕಿಡ್ನಿ ಕೆಟ್ಟಿತ್ತು. 5ನೇ ದಿನ ತೀರಿಕೊಂಡರು.

ಈಗ ರಾತ್ರಿ ಗದ್ದೆ ಬಾಗಿಲಿಗೆ ಹೋಗಿ ನಿಂತರೆ ಕೈಕಾಲು ತಣ್ಣಗಾಗುತ್ತದೆ. ಎರಡು ಸಲ ಕರೆಂಟೇ ಬರಲಿಲ್ಲ ಅಂತ ಅಪ್ಪನಿಗೆ ಸುಳ್ಳು ಹೇಳಿದೆ. ಒಂದು ಸಲ ಪಕ್ಕದ ಮನೆ ಹುಡುಗನಿಗೆ ದುಡ್ಡು ಕೊಟ್ಟು ಕಳಿಸಿದೆ, ಆಮೇಲೆ ಆ ರಾತ್ರಿ ಪೂರ್ತಿ ಅವನಿಗೇನಾದರೂ ಆದರೆ ಅಂತ ನಿದ್ದೆ ಬರಲಿಲ್ಲ. ಅಪ್ಪ 30 ವರ್ಷ ಇದೇ ಗದ್ದೆಗೆ ಒಬ್ಬರೇ ಹೋಗಿದ್ದಾರೆ. ಒಂದು ದಿನವೂ ಹೆದರಿದ್ದು ನಾನು ನೋಡಿಲ್ಲ. ಸ್ನೇಹಿತರಿಗೆ ಹೇಳಿದರೆ ಪ್ಲಾಸ್ಟಿಕ್ ಹಾವು ತಂದು ಬೈಕ್ ಮೇಲೆ ಇಟ್ಟರು.

ನನ್ನ ಪ್ರಶ್ನೆ ಇಷ್ಟೇ. ಈ ಭಯ ಹೋಗಲು ಎಷ್ಟು ದಿನ ಬೇಕು? ಕೆಲವರಿಗೆ ಧೈರ್ಯ ಹುಟ್ಟಿನಿಂದಲೇ ಇರುತ್ತದಾ? ಇಲ್ಲದವರು ಏನು ಮಾಡಬೇಕು?

ಬದುವಿನ_ಮೇಲೆ:

ತಮ್ಮಾ, ನಿನ್ನ ಸ್ನೇಹಿತರು ಮಾಡಿದ್ದು ತಪ್ಪು. ಹೆದರುವವರ ಮೇಲೆ ಹಾವು ಎಸೆದರು ಅನ್ನುವ ಗಾದೆ ಇದಕ್ಕೇ ಇರೋದು.

ನಾನು 26 ವರ್ಷದಿಂದ ರಾತ್ರಿ ನೀರು ಕಟ್ಟುತ್ತಿದ್ದೇನೆ. ಇವತ್ತಿಗೂ ಮೊದಲ ಹತ್ತು ಹೆಜ್ಜೆ ಎದೆ ಡವಡವ ಅನ್ನುತ್ತದೆ. ಆ ಡವಡವ ಇರೋದರಿಂದಲೇ ನಾನು ಗಮ್ ಬೂಟು ಹಾಕುತ್ತೇನೆ, ಹಣೆಗೆ ಬ್ಯಾಟರಿ ಕಟ್ಟುತ್ತೇನೆ, ಕೈಯಲ್ಲಿ ಕೋಲು ಹಿಡಿಯುತ್ತೇನೆ. ನಮ್ಮೂರಲ್ಲಿ ಒಬ್ಬರಿದ್ದರು, ಹಾವಿಗೆಲ್ಲ ಹೆದರೋ ಜನ್ಮ ಅಲ್ಲ ನಂದು ಅಂತ ಬರಿಗಾಲಲ್ಲೇ ಗದ್ದೆಗೆ ಹೋಗುತ್ತಿದ್ದರು. ಈಗ ಒಂದು ಕಾಲಿನ ಮೂರು ಬೆರಳಿಲ್ಲ. ಜೀವ ಉಳಿದದ್ದೇ ದೊಡ್ಡದು. ಅದು ಧೈರ್ಯ ಅಲ್ಲ, ಹುಂಬತನ. ನಮ್ಮ ಭಾಷೆಯಲ್ಲೇ ನೋಡು, ಭಂಡ ಧೈರ್ಯ, ಮೊಂಡು ಧೈರ್ಯ, ಎದೆಗಾರಿಕೆ ಅಂತ ಬೇರೆ ಬೇರೆ ಹೆಸರಿಟ್ಟಿದ್ದಾರೆ. ಹಿರಿಯರಿಗೆ ಗೊತ್ತಿತ್ತು, ಎಲ್ಲ ಒಂದೇ ಅಲ್ಲ ಅಂತ.

ಕೆಲಸದ ಮಾತು ಹೇಳುತ್ತೇನೆ ಕೇಳು. ನಾಗರಹಾವು, ಕೇರೆಹಾವು ನೀನು ಬರೋ ಸದ್ದು ತಿಳಿದರೆ ಬಹಳಷ್ಟು ಸಲ ತಾವೇ ಸರಿದು ಹೋಗುತ್ತವೆ. ಕೊಳಕುಮಂಡಲ ಹಾಗಲ್ಲ. ಅದು ಇದ್ದ ಕಡೆಯೇ ಸುತ್ತಿಕೊಂಡು ಕೂರುತ್ತದೆ. ತರಗಿನ ಬಣ್ಣಕ್ಕೂ ಅದರ ಮೈ ಬಣ್ಣಕ್ಕೂ ವ್ಯತ್ಯಾಸ ತಿಳಿಯಲ್ಲ. ಕುಕ್ಕರ್ ಸೀಟಿಯ ಥರ ಬುಸ್ ಅಂತ ಜೋರಾಗಿ ಉಸಿರು ಬಿಡುತ್ತದೆ. ಆ ಸದ್ದು ಕೇಳಿದರೆ ನಿಂತುಬಿಡು. ಎಲ್ಲಿದೆ ಅಂತ ಬೆಳಕು ಬಿಟ್ಟು ನೋಡು, ಆಮೇಲೆ ಹಿಂದೆ ಸರಿ. ಬದುವಿನ ಹುಲ್ಲನ್ನು ಹಗಲಲ್ಲೇ ಕೊಯ್ದಿಡು. ಮೋಟಾರ್ ಮನೆಯಲ್ಲಿ ಹಳೇ ಚೀಲ, ಪೈಪು ಗುಡ್ಡೆ ಹಾಕಬೇಡ, ಇಲಿ ಸೇರಿಕೊಳ್ಳುತ್ತದೆ, ಇಲಿ ಹಿಂದೆ ಹಾವು ಬರುತ್ತದೆ. ಸ್ಟಾರ್ಟರ್ ಡಬ್ಬಕ್ಕಾಗಲಿ ವಾಲ್ ಗುಂಡಿಗಾಗಲಿ ಕೈ ಹಾಕುವ ಮುಂಚೆ ಕಣ್ಣು ಹಾಕು. ಇಷ್ಟು ಮಾಡಿದರೆ ಭಯ ಹೋಗಲ್ಲ, ಆದರೆ ಅದಕ್ಕೆ ಒಂದು ಕೆಲಸ ಸಿಗುತ್ತದೆ.

ಇನ್ನೊಂದು ಮಾತು. ಅಪ್ಪ ಹೆದರಿಲ್ಲ ಅಂತ ನಿನಗೆ ಯಾರು ಹೇಳಿದರು? ಅವರನ್ನೇ ಒಂದು ಸಲ ಕೇಳು.

ರಾತ್ರಿಪಾಳಿ_ಸಿಸ್ಟರ್:

ನಾನು ಒಂದು ತಾಲ್ಲೂಕು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನರ್ಸ್. 11 ವರ್ಷ ಆಯಿತು. ದೊಡ್ಡಪ್ಪನ ವಿಷಯ ಓದಿ ಹೊಟ್ಟೆ ಕಿವುಚಿದಂತಾಯಿತು. ಅಂಥವರನ್ನು ನಾನು ಎಷ್ಟೋ ಜನ ನೋಡಿದ್ದೇನೆ. ಸೊಪ್ಪು ಹಚ್ಚಿಕೊಂಡು ಕಾದು, ಮಾರನೇ ದಿನ ಬರುತ್ತಾರೆ.

ಅದಕ್ಕೇ ಮೊದಲು ಇದನ್ನು ಹೇಳುತ್ತೇನೆ. ಕಚ್ಚಿದರೆ ಹಗ್ಗ ಬಿಗಿಯಬೇಡಿ. ಕೊಯ್ಯಬೇಡಿ, ಬಾಯಿಂದ ಎಳೆಯಬೇಡಿ, ಓಡಬೇಡಿ. ಹಾವನ್ನು ಹುಡುಕಿ ಹೊಡೆದು ತರಲು ಹೋಗಬೇಡಿ, ಆ ಹೊತ್ತಲ್ಲಿ ಎರಡನೆಯವರಿಗೂ ಕಚ್ಚಿದ್ದಿದೆ. ಕಚ್ಚಿದ ಕಾಲು ಅಲುಗದ ಹಾಗೆ ಇಟ್ಟು 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ತಡ ಅನಿಸಿದರೆ ಯಾವ ಗಾಡಿ ಸಿಗುತ್ತದೋ ಅದರಲ್ಲಿ ಬನ್ನಿ. ನಾಗರ, ಕೊಳಕುಮಂಡಲ, ಗರಗಸ ಮಂಡಲ, ಕಟ್ಟುಹಾವು (ನಮ್ಮ ಕರಾವಳಿ ಕಡೆ ಕಡಂಬಳ ಅನ್ನುತ್ತಾರೆ) ಈ ನಾಲ್ಕಕ್ಕೂ ಒಂದೇ ಔಷಧಿ. ಮಂಡಲದ ಅನುಮಾನ ಇದ್ದರೆ ಸ್ವಲ್ಪ ರಕ್ತವನ್ನು ಗಾಜಿನ ಟ್ಯೂಬಲ್ಲಿ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ಆಮೇಲೆ ಬಾಗಿಸಿ ನೋಡುತ್ತೇವೆ. ಹೆಪ್ಪುಗಟ್ಟಿಲ್ಲ ಅಂದರೆ ವಿಷ ಏರಿದೆ ಅಂತ ಅರ್ಥ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆ ಅಂತ 2020ರಲ್ಲಿ ಬಂದ ಅಧ್ಯಯನದ ಅಂದಾಜು. ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಹಾವು ಕಡಿತದ ಪ್ರತಿ ಕೇಸನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು. ನಿಮ್ಮ ಭಯ ಸುಳ್ಳು ಭಯ ಅಲ್ಲ ಅನ್ನುವುದಕ್ಕೆ ಇಷ್ಟು ಹೇಳಿದೆ.

ಇನ್ನು ನಿಮ್ಮ ಪ್ರಶ್ನೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಬೆಳಗಿನ ಜಾವ 4 ಗಂಟೆಗೆ 7 ವರ್ಷದ ಹುಡುಗನನ್ನು ಎತ್ತಿಕೊಂಡು ಬಂದರು. ನೆಲದ ಮೇಲೆ ಮಲಗಿದ್ದವನು ಹೊಟ್ಟೆನೋವು ಅಂತ ಎದ್ದಿದ್ದನಂತೆ. ಮೈಮೇಲೆ ಗಾಯ ಕಾಣಲಿಲ್ಲ. ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವೂ ಇಲ್ಲ, ಗುರುತೂ ಇಲ್ಲ. ಡಾಕ್ಟರ್ ಅವನ ರೆಪ್ಪೆ ನೋಡಿದರು, ಎರಡೂ ಜೋತುಬಿದ್ದಿದ್ದವು. ಔಷಧಿ ಶುರು ಮಾಡಿ ಅಂದರು. ಆ ಔಷಧಿ ಕೆಲವರಿಗೆ ಮೈಗೆ ಒಗ್ಗದೆ ಬಿಪಿ ಬಿದ್ದುಹೋಗಬಹುದು, ಅದಕ್ಕೆ ಪಕ್ಕದಲ್ಲೇ ಅಡ್ರಿನಲಿನ್ ತುಂಬಿಟ್ಟುಕೊಂಡಿರುತ್ತೇವೆ. ಮಗು ಅಂತ ಡೋಸ್ ಕಡಿಮೆ ಮಾಡುವ ಹಾಗಿಲ್ಲ. ಹಾವು ಚಿಕ್ಕವರಿಗೆ ಕಡಿಮೆ ವಿಷ ಬಿಡಲ್ಲ ಅಲ್ವಾ. ಹತ್ತು ವಯಲ್ (ಔಷಧಿಯ ಪುಟ್ಟ ಸೀಸೆ) ಒಡೆದು ಕರಗಿಸಬೇಕಿತ್ತು. ನನ್ನ ಕೈ ನಡುಗಿ ಮೊದಲನೆಯದು ಕೆಳಗೆ ಬಿತ್ತು.

ಆಮೇಲೆ ಉಸಿರು ಕಡಿಮೆಯಾಯಿತು. ನಮ್ಮಲ್ಲಿ ವೆಂಟಿಲೇಟರ್ ಇರಲಿಲ್ಲ. ಜಿಲ್ಲಾಸ್ಪತ್ರೆಗೆ 40 ಕಿಲೋಮೀಟರ್. ಆಂಬುಲೆನ್ಸಲ್ಲಿ ಅವನ ತಲೆಯ ಹತ್ತಿರ ಕೂತು ಕೈಯಲ್ಲಿ ಬ್ಯಾಗ್ ಒತ್ತುತ್ತಾ ಉಸಿರು ಕೊಡುತ್ತಾ ಹೋದೆ. ಒಂದು, ಎರಡು, ಒತ್ತು. ಒಂದು, ಎರಡು, ಒತ್ತು. ದಾರಿ ಪೂರ್ತಿ ಹೀಗೇ ಎಣಿಸಿದೆ. ಭಯ ಒಂದು ಕ್ಷಣವೂ ಬಿಡಲಿಲ್ಲ, ಆದರೆ ಎಣಿಕೆ ತಪ್ಪಲಿಲ್ಲ. ಹುಡುಗನನ್ನು ಒಳಗೆ ಒಪ್ಪಿಸಿ ಆಂಬುಲೆನ್ಸ್ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ಮೂರನೇ ವಾರ ಅವನು ಅಮ್ಮನ ಕೈ ಹಿಡಿದು ನಡೆದುಕೊಂಡೇ ಬಂದು ನಮಗೆಲ್ಲ ಬಾಳೆಹಣ್ಣು ಕೊಟ್ಟು ಹೋದ.

ಆ ರಾತ್ರಿ ನನಗೆ ಧೈರ್ಯ ಇತ್ತಾ ಅಂತ ಕೇಳಿದರೆ ಏನು ಹೇಳಲಿ. ನಡುಗುತ್ತಿದ್ದ ಕೈಯಲ್ಲೇ ಎರಡನೇ ವಯಲ್ ಒಡೆದೆ, ಅಷ್ಟೇ.

ಮನಸಿನ_ಓದು:

ನಾನು ಸೈಕಾಲಜಿ ಎಂ.ಎಸ್ಸಿ. ವಿದ್ಯಾರ್ಥಿನಿ. ಇಲ್ಲಿ ಹೇಳಲೇಬೇಕಾದ ಎರಡು ವಿಷಯ ನೆನಪಾದವು.

ಅಮೆರಿಕದಲ್ಲಿ ಒಬ್ಬ ಮಹಿಳೆ ಇದ್ದಾರೆ. ಹೆಸರು ಗುಟ್ಟಾಗಿಟ್ಟು ಎಸ್.ಎಂ. ಅಂತ ಮಾತ್ರ ಬರೆಯುತ್ತಾರೆ. ಅಪರೂಪದ ಒಂದು ಕಾಯಿಲೆಯಿಂದ ಅವರ ಮಿದುಳಿನ ಎರಡೂ ಬದಿಯ ಅಮಿಗ್ಡಲಾ ನಾಶವಾಗಿದೆ. ಹೊರಗಿನ ಅಪಾಯ ಕಂಡಾಗ ಭಯ ಎಬ್ಬಿಸುವುದರಲ್ಲಿ ಆ ಭಾಗದ ಪಾತ್ರ ದೊಡ್ಡದು. ಸಂಶೋಧಕರು ಅವರನ್ನು ಹಾವು ಮಾರುವ ಅಂಗಡಿಗೆ ಕರೆದುಕೊಂಡು ಹೋದರು. ಹಾವು ಕಂಡರೆ ಆಗಲ್ಲ ಅಂತ ಹೇಳುತ್ತಿದ್ದವರು, ಅಲ್ಲಿ ಹಾವನ್ನು ಕೈಯಲ್ಲಿ ಹಿಡಿದು ಸವರಿದರು. ದೊಡ್ಡ, ಅಪಾಯದ ಹಾವುಗಳನ್ನೂ ಮುಟ್ಟಲು ಬಿಡಿ ಅಂತ ಮತ್ತೆ ಮತ್ತೆ ಕೇಳಿದರು. ಒಮ್ಮೆ ಪಾರ್ಕಿನಲ್ಲಿ ಒಬ್ಬ ಕುತ್ತಿಗೆಗೆ ಚಾಕು ಹಿಡಿದಿದ್ದ. ಅವರು ಮರುದಿನವೂ ಅದೇ ಪಾರ್ಕಿನ ದಾರಿ ಹಿಡಿದರು. ಇದನ್ನು ಓದಿದಾಗ ನನಗೆ ಮೆಚ್ಚುಗೆ ಬರಲಿಲ್ಲ, ಆ ಹೆಣ್ಣುಮಗಳನ್ನು ಕಾಯುವವರು ಯಾರು ಅಂತ ಸಂಕಟವಾಯಿತು. ನೀವು ಕೇಳುತ್ತಿರುವ ಭಯವಿಲ್ಲದ ಬದುಕು ಅಂದರೆ ಅದೇ.

ಎರಡನೆಯದು ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಪ್ರಯೋಗ, 2010ರದ್ದು. ಹಾವಿಗೆ ಹೆದರುವವರನ್ನೂ ಹೆದರದವರನ್ನೂ ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿದರು. ಸರಿದಾಡುವ ಪಟ್ಟಿಯ ಮೇಲೆ ಜೀವಂತ ಹಾವು. ಗುಂಡಿ ಒತ್ತಿ ಹಾವನ್ನು ಹತ್ತಿರ ತರಬಹುದು, ದೂರ ಕಳಿಸಬಹುದು. ಹೆದರುತ್ತಲೇ ಹತ್ತಿರ ತಂದವರನ್ನು ಗಮನಿಸಿದಾಗ ಒಂದು ಸಂಗತಿ ಕಂಡಿತು. ಕೆಲವರು ತುಂಬಾ ಭಯ ಆಗುತ್ತಿದೆ ಅಂದರು, ಆದರೆ ಮೈ ಅಷ್ಟು ಬೆವರಿರಲಿಲ್ಲ. ಇನ್ನು ಕೆಲವರ ಮೈ ಬೆವರಿತ್ತು, ಆದರೆ ಅಷ್ಟೇನೂ ಭಯ ಇಲ್ಲ ಅಂದರು. ಮನಸ್ಸು, ಮೈ ಎರಡರಲ್ಲೂ ಭಯ ಒಟ್ಟಿಗೆ ಏರಿದಾಗ ಮಾತ್ರ ಜನ ಹಾವನ್ನು ದೂರ ಕಳಿಸಿದರು. ನಿಮ್ಮ ಕೈಕಾಲು ತಣ್ಣಗಾಗುತ್ತದೆ ಅಂದಿರಲ್ಲ, ಆಗಲಿ ಬಿಡಿ. ಮೈ ಹೆದರಿದ ಮಾತ್ರಕ್ಕೆ ನೀವು ವಾಪಸ್ ಬರಲೇಬೇಕು ಅಂತ ಇಲ್ಲ.

ಊರಿಗೆ_ಮರಳಿದವ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿಸ್ಟರ್ ಬರೆದದ್ದನ್ನು ಹೆಂಡತಿಗೂ ಓದಿ ಹೇಳಿದೆ, ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೂಟು ತರುತ್ತೇನೆ. ಆದರೆ ಆ ಮೊದಲ ಹೆಜ್ಜೆ ಇಡುವುದು ಹೇಗೆ ಅಂತ ಇನ್ನೂ ಗೊತ್ತಾಗುತ್ತಿಲ್ಲ. ಕಾಲೇ ಏಳಲ್ಲ.

ತೆಂಗಿನತೋಟದವಳು:

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೂ ನನಗೆ ಒಂದು ಮಾತು ಒಪ್ಪಿಗೆ ಇಲ್ಲ, ಹೇಳಿಬಿಡುತ್ತೇನೆ.

ನಮ್ಮ ಅಪ್ಪ ಹೋದಾಗ ಅಮ್ಮನಿಗೆ 34. ತೋಟಕ್ಕೆ ನೀರು ಬಿಡಲು ರಾತ್ರಿ ಅವಳೇ ಹೋಗುತ್ತಿದ್ದಳು. ಅವಳಿಗೆ ಹಾವಿಗಿಂತ ಜಾಸ್ತಿ ಮನುಷ್ಯರ ಭಯ. ದಾರಿಯಲ್ಲಿ ಬೀಡಿಯ ಕೆಂಡ ಕಂಡರೆ ಬ್ಯಾಟರಿ ಆರಿಸಿ, ಆ ಕತ್ತಲಲ್ಲೇ, ಹಾವಿರುವ ಬದುವಿನ ಮೇಲೇ ಸುತ್ತಿ ಬರುತ್ತಿದ್ದಳು. ಊರಲ್ಲಿ ಯಾರೂ ಅವಳನ್ನು ಧೈರ್ಯವಂತೆ ಅನ್ನಲಿಲ್ಲ. ಗಂಡುಬೀರಿ ಅಂದರು. ಗಂಡಸರು ಹೋದರೆ ಎದೆಗಾರಿಕೆ, ಹೆಂಗಸು ಹೋದರೆ ಗಂಡುಬೀರಿ.

ಭಯ ಒಳ್ಳೆಯದು, ಭಯ ಇದ್ದರೇ ಧೈರ್ಯ ಅನ್ನುವುದೆಲ್ಲ ಸರಿ. ಆದರೆ ಇಷ್ಟೊಂದು ಧೈರ್ಯ ರೈತರ ಮನೆಯವರಿಗೆ ದಿನಾ ಯಾಕೆ ಬೇಕಾಗಬೇಕು? ಹಗಲು ಕರೆಂಟು ಕೊಟ್ಟರೆ ಅರ್ಧ ಭಯ ತಾನೇ ಹೋಗುತ್ತದೆ. 2019ರಲ್ಲಿ ಶುರುವಾದ ಪಿಎಂ ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್ ಫೀಡರ್‌ಗಳಿಗೆ, ಅಂದರೆ ಪಂಪ್‌ಸೆಟ್‌ಗಳಿಗೆ ಕರೆಂಟು ತರುವ ಲೈನುಗಳಿಗೆ, ಸೋಲಾರ್ ಹಾಕುವುದಕ್ಕೆ ಅವಕಾಶ ಇದೆ, ಅದು ಬಂದ ಕಡೆ ಬಿಸಿಲಿರುವಾಗಲೇ ನೀರು ಬಿಡಬಹುದು. ನಿಮ್ಮ ಊರಿನವರೆಲ್ಲ ಸೇರಿ ಅದನ್ನು ಕೇಳಿ. ನನಗೆ ಒಬ್ಬಳೇ ಹೋಗಿ ಆಫೀಸಲ್ಲಿ ಸಾಹೇಬರ ಮುಂದೆ ನಿಂತು ಕೇಳುವುದು ಗದ್ದೆಗೆ ಹೋಗುವುದಕ್ಕಿಂತ ಹೆಚ್ಚು ಭಯ ಅನಿಸಿತ್ತು. ನಾಲ್ಕು ಜನ ಹೆಂಗಸರು ಜೊತೆಗೆ ಬಂದರು, ಆಗ ಬಾಯಿ ಬಂತು.

ಗಮಕದ_ಮೇಷ್ಟ್ರು:

ತೋಟದ ಅಮ್ಮ ಹೇಳಿದ ಕೊನೆಯ ಸಾಲನ್ನೇ ಹಿಡಿದುಕೊಂಡು ಬರೆಯುತ್ತೇನೆ. ನಾಲ್ಕು ಜನ ಜೊತೆಗೆ ಬಂದರು, ಬಾಯಿ ಬಂತು. ಕನ್ನಡದಲ್ಲಿ ನಾವು ಧೈರ್ಯ ಹೇಳು, ಧೈರ್ಯ ತುಂಬು, ಧೈರ್ಯ ತಗೋ ಅನ್ನುತ್ತೇವೆ. ಒಬ್ಬರು ಕೊಟ್ಟು ಇನ್ನೊಬ್ಬರು ತಗೊಳ್ಳುವ ವಸ್ತುವಿನ ಹಾಗೆ. ಹುಟ್ಟಿನಿಂದ ಬರುವುದಾ ಅಂತ ಕೇಳಿದೆಯಲ್ಲ ಮಗು, ನಮ್ಮ ಮಾತಿನ ರೂಢಿ ನೋಡಿದರೆ ಹಾಗೆ ಅನಿಸುವುದಿಲ್ಲ.

ಉತ್ತರಕುಮಾರನ ಪೌರುಷ ಒಲೆ ಮುಂದೆ ಅಂತ ಎಲ್ಲರೂ ನಗುತ್ತೇವೆ. ನಾನೂ ಶಾಲೆಯಲ್ಲಿ ಮಕ್ಕಳಿಗೆ ಎಷ್ಟೋ ಸಲ ಈ ಗಾದೆ ಹೇಳಿದ್ದೇನೆ, ಈಗ ನೆನೆದರೆ ಬೇಸರವಾಗುತ್ತದೆ. ಅವನ ಕಥೆಯನ್ನು ಪೂರ್ತಿ ನೋಡಿ. ಹೆಂಗಸರ ಮುಂದೆ ಕೊಚ್ಚಿಕೊಂಡ, ನಿಜ. ಕೌರವರ ಸೈನ್ಯ ಕಂಡು ರಥದಿಂದ ಹಾರಿ ಓಡಿದ, ಅದೂ ನಿಜ. ಆದರೆ ಬೃಹನ್ನಳೆ ಅಟ್ಟಿಸಿಕೊಂಡು ಹೋಗಿ ಹಿಡಿದು ತಂದು ಏನು ಮಾಡಿದ? ನೀನೇ ಹೋಗಿ ಯುದ್ಧ ಮಾಡು ಅನ್ನಲಿಲ್ಲ. ಯುದ್ಧ ನಾನು ಮಾಡುತ್ತೇನೆ, ನೀನು ಕುದುರೆ ಹಿಡಿ ಅಂದ. ಮೊದಲು ಶಮೀವೃಕ್ಷ ಹತ್ತಿಸಿದ. ಅದರ ಮೇಲೆ ಹೆಣ ಕಟ್ಟಿದ್ದಾರೆ ಅಂತ ಉತ್ತರ ಹೆದರಿದ, ಆದರೂ ಹತ್ತಿ ಆಯುಧಗಳನ್ನು ಇಳಿಸಿದ. ಆಮೇಲೆ ಅದೇ ಹುಡುಗ ಭೀಷ್ಮ, ದ್ರೋಣ, ಕರ್ಣರ ನಡುವೆ ರಥ ಓಡಿಸಿದ. ಅವತ್ತು ಬೆಳಗ್ಗೆ ಓಡಿಹೋಗಿದ್ದವನೇ ಅವನು.

ಗಾದೆ ಅವನ ಓಟದಲ್ಲೇ ನಿಂತುಬಿಟ್ಟಿದೆ. ಅವನು ಮತ್ತೆ ಓಡಲಿಲ್ಲ. ಕುರುಕ್ಷೇತ್ರದ ಮೊದಲ ದಿನವೇ ಆನೆ ಏರಿ ಶಲ್ಯನ ಎದುರು ಹೋಗಿ ಸತ್ತ. ಗಾದೆ ಹೇಳುವವರಿಗೆ ಇದು ಗೊತ್ತಿರುವುದು ಕಡಿಮೆ.

ನಿನಗೂ ಒಬ್ಬರು ಬೇಕು. ಕೆಲಸ ಪೂರ್ತಿ ನಿನ್ನ ಮೇಲೆ ಹೊರಿಸದೆ, ಮೊದಲು ಬರೀ ಕುದುರೆ ಹಿಡಿಯಲು ಹೇಳುವವರು.

ಮನಸಿನ_ಓದು:

ಮೇಷ್ಟ್ರೇ, ನೀವು ಹೇಳಿದ್ದಕ್ಕೆ ಹತ್ತಿರದ್ದೇ ಒಂದು ಕೆಲಸವನ್ನು ಆಲ್ಬರ್ಟ್ ಬಂಡೂರ ಅನ್ನುವ ಮನಶ್ಶಾಸ್ತ್ರಜ್ಞರು ಮತ್ತು ಜೊತೆಯವರು ಮಾಡಿದ್ದರು, 1969ರಲ್ಲಿ. ಹಾವಿನ ಭಯ ವಿಪರೀತ ಇದ್ದವರಿಗೆ ನಾನಾ ಥರ ಚಿಕಿತ್ಸೆ ಕೊಟ್ಟು ಹೋಲಿಸಿದರು. ಬರೀ ಸಿನಿಮಾ ತೋರಿಸಿದ್ದಕ್ಕಿಂತ, ಮಲಗಿಸಿ ಕಲ್ಪಿಸಿಕೊಳ್ಳಿ ಅಂದದ್ದಕ್ಕಿಂತ, ಒಬ್ಬರು ಪಕ್ಕದಲ್ಲೇ ನಿಂತು ತಾವು ಮೊದಲು ಹಾವನ್ನು ಮುಟ್ಟಿ, ಆಮೇಲೆ ಇವರ ಕೈ ಜೊತೆಗೆ ಹಿಡಿದು ಮುಟ್ಟಿಸಿ, ಮೆಲ್ಲಗೆ ತಮ್ಮ ಕೈ ಬಿಡಿಸಿಕೊಂಡದ್ದು ಎಲ್ಲಕ್ಕಿಂತ ಚೆನ್ನಾಗಿ ಫಲ ಕೊಟ್ಟಿತು.

ಅಣ್ಣ, ನೀವು ಹಾವು ಮುಟ್ಟುವುದೇನೂ ಬೇಡ. ಗದ್ದೆಗೆ ಅದೇ ಕ್ರಮ ಮಾಡಿ. ಮೊದಲು ಸಂಜೆ ಬೆಳಕಲ್ಲಿ ಯಾರ ಜೊತೆಗಾದರೂ, ಆಮೇಲೆ ಕತ್ತಲಲ್ಲಿ ಅವರ ಹಿಂದೆ, ಆಮೇಲೆ ಅವರ ಮುಂದೆ, ಆಮೇಲೆ ಅವರು ಮೋಟಾರ್ ಮನೆ ಹತ್ತಿರ ನಿಂತಿದ್ದು ನೀವೊಬ್ಬರೇ. ಎದೆ ಹೊಡೆದುಕೊಂಡ ಕೂಡಲೇ ಓಡಿ ಬರಬೇಡಿ. ವಾಪಸ್ ಬಂದಾಗ ಸಿಗುವ ಆ ನೆಮ್ಮದಿಯೇ ನಾಳೆಯ ಭಯಕ್ಕೆ ಗೊಬ್ಬರ. ಸ್ವಲ್ಪ ಇಳಿಯುವ ತನಕ ಅಲ್ಲೇ ನಿಲ್ಲಿ. ಹೀಗೆ ಮಾಡಿಯೂ ಆಗದೆ ನಿದ್ದೆ, ಊಟ ಕೆಡುತ್ತಿದ್ದರೆ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ, ನಾಚಿಕೆಪಡುವ ವಿಷಯ ಅಲ್ಲ.

ಊರಿಗೆ_ಮರಳಿದವ:

ಹದಿನೈದು ದಿನ ಆಯಿತು. ಬರೆಯಬೇಕು ಅನಿಸಿತು.

ಬೂಟು, ಹಣೆ ಬ್ಯಾಟರಿ ತಂದೆ. ಮೋಟಾರ್ ಮನೆ ಖಾಲಿ ಮಾಡಿದೆವು, ಚೀಲದಡಿ ಇಲಿಮರಿ ಇದ್ದವು. ಆಮೇಲೆ ಅಪ್ಪನ ಹತ್ತಿರ ಕೂತು, ಸುಳ್ಳು ಹೇಳಿದ್ದನ್ನೂ ಸೇರಿಸಿ, ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮೋಟಾರ್ ಮನೆಯಿಂದ ಕೊನೇ ವಾಲ್‌ಗೆ ಇನ್ನೂರ ನಲವತ್ತು ಹೆಜ್ಜೆ ಕಣೋ" ಅಂದರು. ನನಗೆ ಅರ್ಥವಾಗಲಿಲ್ಲ. ದೊಡ್ಡಪ್ಪ ಹೋದ ಮೇಲೆ ಪ್ರತಿ ರಾತ್ರಿ ಎಣಿಸಿಕೊಂಡೇ ಹೋಗುತ್ತಿದ್ದರಂತೆ. ಎಣಿಸದಿದ್ದರೆ ಅಣ್ಣ ಬಿದ್ದಿದ್ದ ಜಾಗವೇ ಕಣ್ಣ ಮುಂದೆ ಬರುತ್ತಿತ್ತಂತೆ. "ನೂರಾ ಹತ್ತಕ್ಕೆ ಆ ಜಾಗ. ಅಲ್ಲಿಗೆ ಬಂದಾಗ ಜೋರಾಗಿ ಎಣಿಸ್ತಿದ್ದೆ" ಅಂದರು. ನಾನು ಬೆಂಗಳೂರಲ್ಲಿ ಇದ್ದಷ್ಟು ವರ್ಷವೂ ಅಪ್ಪ ಹೀಗೇ ಹೋಗಿದ್ದಾರೆ.

ಮೊದಲ ಮೂರು ಸಂಜೆ ಇಬ್ಬರೂ ನಡೆದೆವು, ಅವರು ಕೋಲೂರಿಕೊಂಡು ಮುಂದೆ, ನಾನು ಹಿಂದೆ. ಆಮೇಲೆ ರಾತ್ರಿ ಅವರು ಮೋಟಾರ್ ಮನೆ ಮುಂದೆ ಕುರ್ಚಿ ಹಾಕಿಕೊಂಡು ಕೂತರು, ನಾನು ಒಳಗೆ ಹೋದೆ. ಒಂದು ದಿನ 60ನೇ ಹೆಜ್ಜೆಗೆ ತರಗು ಸರಸರ ಅಂತು. ನಿಂತೆ, ಬೆಳಕು ಬಿಟ್ಟೆ. ಕೇರೆಹಾವು, ನೀರಿನ ಕಡೆ ಹೋಯಿತು. ಕಾಲು ನಡುಗುವುದು ನಿಲ್ಲಲು ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಆದರೆ ವಾಪಸ್ ಬರಲಿಲ್ಲ. ಅಪ್ಪ ಅಲ್ಲಿಂದಲೇ "ಎಷ್ಟಾಯ್ತು?" ಅಂತ ಕೂಗಿದರು. "ಅರವತ್ತು" ಅಂದೆ.

ತೋಟದ ಅಕ್ಕ, ನಮ್ಮ ಊರಿಂದ 14 ಜನ ಹಗಲು ಕರೆಂಟಿಗೆ ಅರ್ಜಿಗೆ ಸಹಿ ಹಾಕಿದ್ದೇವೆ. ಮುಂದಿನ ವಾರ ಎಲ್ಲರೂ ಸೇರಿ ಹೋಗಿ ಕೊಡುತ್ತೇವೆ.

ಇವತ್ತು ಕರೆಂಟು 11 ಗಂಟೆಗೆ. ಅಪ್ಪನಿಗೆ ಮಂಡಿ ಊದಿದೆ, ಮನೆಯಲ್ಲೇ ಇರಲಿ ಅಂದಿದ್ದೇನೆ. ನನ್ನ ಕಾಲು ಅವರಿಗಿಂತ ಉದ್ದ, ಕೊನೇ ವಾಲ್‌ಗೆ 215 ಹೆಜ್ಜೆ ಬರುತ್ತದೆ. ಆ ಜಾಗ ನನ್ನ ಲೆಕ್ಕದಲ್ಲಿ 98.